ನೂರಾ ಹನ್ನೆರಡು ಚೀಟಿಗಳ ಒಕ್ಕಣೆ

ಪ್ರಶ್ನೆ: ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಮುಂದಿನ ವರ್ಷ ನೂರು ತುಂಬುತ್ತದೆ. ಹಳೆಯ ವಿದ್ಯಾರ್ಥಿಗಳು, ಪೋಷಕರು, ಶಿಕ್ಷಕರು, ಬಿಸಿಯೂಟದ ಅಡುಗೆಯವರು ಸೇರಿ 34 ಜನ ಒಂದು ಭಾನುವಾರ ಕುಳಿತು ಶಾಲೆಗೆ ಏನೇನು ಮಾಡಬಹುದು ಎಂದು ಮನಬಿಚ್ಚಿ ಮಾತನಾಡಿದೆವು. ಯಾರ ಮಾತನ್ನೂ ತಳ್ಳಿಹಾಕಬಾರದು, ತೋಚಿದ್ದನ್ನೆಲ್ಲ ಚೀಟಿಯಲ್ಲಿ ಬರೆಯಬೇಕು ಎಂದು ನಿಯಮ ಮಾಡಿಕೊಂಡಿದ್ದೆವು. 112 ಚೀಟಿಗಳಾದವು. ಮೂರು ವಾರಗಳಿಂದ ಅವು ನನ್ನ ಮನೆಯ ಕಪಾಟಿನಲ್ಲಿ, ಬಟ್ಟೆಯಂಗಡಿಯ ಚೀಲವೊಂದರಲ್ಲಿ ಬಿದ್ದಿವೆ. ಕಟ್ಟಡ, ಕಲಿಕೆ, ಹಣಕಾಸು, ಸಮಾರಂಭ, ಇತರೆ ಎಂದು ಎರಡು ಸಲ ವಿಂಗಡಿಸಲು ಹೋದೆ. 'ಇತರೆ'ಯಲ್ಲೇ 41 ಬಿದ್ದವು. ಮಾದರಿಗೆ ಕೆಲವು: 'ಗ್ರಂಥಾಲಯ', 'ಹಿಂದಿನ ಕಾಂಪೌಂಡ್ ಗೋಡೆ', 'ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು', 'ಶಾಲೆ ಬಿಡುವ ಮೊದಲೇ ಸಂಜೆಯ ಬಸ್ ಹೋಗಿಬಿಡುತ್ತದೆ', 'ಕಂಪ್ಯೂಟರ್' (ಇದೇ ಮಾತಿನ 17 ಚೀಟಿಗಳಿವೆ), 'ಮುಖ್ಯಮಂತ್ರಿಗಳನ್ನು ಕರೆಸಿ', 'ಹುಣಸೆ ಮರ ಕಡಿಯಬೇಡಿ'. ನಾಲ್ಕು ಚೀಟಿಗಳನ್ನಂತೂ ಓದಲೇ ಆಗುತ್ತಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ 'ಏನಾಯಿತು' ಎಂದು ದಿನವೂ ಕೇಳುತ್ತಿದ್ದಾರೆ. ಇವನ್ನು ಜೋಡಿಸುವ ಸರಿಯಾದ ಕ್ರಮ ಯಾವುದು?
— ಸಂಚಾಲಕರು, ಹಳೆಯ ವಿದ್ಯಾರ್ಥಿಗಳ ಸಂಘ

ಉತ್ತರ: ಮೊದಲು ಆ ಐದು ತಲೆಬರಹಗಳನ್ನು ಅಳಿಸಿಬಿಡಿ. ತೊಡಕು ಚೀಟಿಗಳಲ್ಲಿಲ್ಲ, ಆ ತಲೆಬರಹಗಳಲ್ಲಿದೆ. 112ರಲ್ಲಿ 41 'ಇತರೆ'ಗೆ ಬಿದ್ದವೆಂದರೆ ನಿಮ್ಮೂರಿನವರು ಅಡ್ಡಾದಿಡ್ಡಿ ಮಾತನಾಡಿದರು ಎಂದಲ್ಲ. ಅವರು ಯೋಚಿಸಿದ ಬಗೆಗೂ ನೀವು ತಂದಿಟ್ಟ ಡಬ್ಬಿಗಳಿಗೂ ತಾಳೆಯಾಗಲಿಲ್ಲ, ಅಷ್ಟೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಹಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಹಾಲು ಉತ್ಪಾದಕರ ಸಂಘದಲ್ಲಿ ಇಂಥದೇ ಸಭೆ ನಡೆಸಿಕೊಟ್ಟೆ. ಅರುವತ್ತು ಚಿಲ್ಲರೆ ಚೀಟಿಗಳು ಬಂದವು. ಅವತ್ತು ರಾತ್ರಿ ಒಬ್ಬನೇ ಕುಳಿತು ಮೇವು, ಪಶುವೈದ್ಯ, ದರ, ಆಡಳಿತ, ಇತರೆ ಎಂದು ವಿಂಗಡಿಸಿ, ಮರುದಿನ ಬೆಳಿಗ್ಗೆ ಅಚ್ಚುಕಟ್ಟಾದ ಹಾಳೆಯನ್ನು ಗೋಡೆಗೆ ಅಂಟಿಸಿದೆ. ಎಲ್ಲರೂ ಮೆಚ್ಚಿಕೊಂಡರು. ಒಬ್ಬ ಅಜ್ಜಿ ಮಾತ್ರ ಹಾಳೆಯ ಮುಂದೆ ಬಹಳ ಹೊತ್ತು ನಿಂತು, ನಾನು ಬರೆಸಿದ್ದು ಎಲ್ಲಿದೆ ಎಂದು ಕೇಳಿದರು. ಹುಡುಕಿದರೆ ಅದು 'ಇತರೆ'ಯ ಕೊನೆಯಲ್ಲಿತ್ತು: 'ಸಭೆಯನ್ನು ಸಂಜೆ ಇಡಬೇಡಿ, ಅದು ಹಾಲು ಹಾಕುವ ಹೊತ್ತು'. ಆ ಸಂಘದ ಸಭೆಗಳಿಗೆ ಹೆಂಗಸರು ಏಕೆ ಬರುವುದಿಲ್ಲ ಎಂದು ಕಾರ್ಯದರ್ಶಿಗಳು ನನ್ನೊಡನೆ ಹಿಂದಿನ ದಿನವಷ್ಟೇ ತಲೆ ಕೆರೆದುಕೊಂಡಿದ್ದರು. ಉತ್ತರ ಜೇಬಿನಲ್ಲೇ ಇತ್ತು. ನಾನು ಅದನ್ನು ನಾಜೂಕಾಗಿ ಹೂತಿಟ್ಟಿದ್ದೆ.

ನಮ್ಮ ಸಭಾ ಸೂಚನಾಪತ್ರಗಳಲ್ಲಿ 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು' ಎಂಬ ಸಾಲು ಕೊನೆಗೆ ಇದ್ದೇ ಇರುತ್ತದೆ. ಎಲ್ಲರೂ ಬಸ್ಸಿಗೆ ಎದ್ದು ನಿಂತಾಗ ಅದರ ಸರದಿ ಬರುತ್ತದೆ. ನಿಮ್ಮ ಚೀಟಿಗಳ ಮಟ್ಟಿಗಾದರೂ ಆ ಪದಕ್ಕೆ ಪ್ರವೇಶ ಬೇಡ.

ಸಿದ್ಧ ತಲೆಬರಹ ಇಟ್ಟುಕೊಳ್ಳದೆ ವಿಂಗಡಿಸುವುದಕ್ಕೆ ಒಂದು ಒಳ್ಳೆಯ ಪದ್ಧತಿ ಇದೆ. ಅದನ್ನು ರೂಪಿಸಿದವರು ಜಪಾನಿನ ಮಾನವಶಾಸ್ತ್ರಜ್ಞ ಕವಾಕಿತಾ ಜಿರೊ. ಕುಲನಾಮ ಮೊದಲು ಬರೆಯುವುದು ಜಪಾನಿನ ರೂಢಿಯಾದ್ದರಿಂದ ಅವರ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳಿಂದ ಅದಕ್ಕೆ ಕೆಜೆ ವಿಧಾನ ಎಂದು ಹೆಸರು. 1950ರ ದಶಕದಿಂದ ನೇಪಾಳದ ಗುಡ್ಡಗಾಡುಗಳಲ್ಲಿ ಕ್ಷೇತ್ರಕಾರ್ಯ ಮಾಡಿದ ಅವರ ಬಳಿ ಟಿಪ್ಪಣಿಗಳು ಬೆಟ್ಟದಂತೆ ಬಿದ್ದಿದ್ದವು: ಒಂದು ಮನೆಯ ಎಮ್ಮೆಗಳ ಲೆಕ್ಕ, ಒಂದು ಹಬ್ಬದ ವಿವರ, ಸೌದೆ ಹೊರುವ ಹೆಂಗಸಿನ ಒಂದು ಮಾತು. ಪುಸ್ತಕದ ಅಧ್ಯಾಯಗಳನ್ನು ಮೊದಲೇ ಗೊತ್ತುಮಾಡಿಕೊಂಡು ಟಿಪ್ಪಣಿಗಳನ್ನು ಅವುಗಳೊಳಗೆ ತುರುಕುವುದು ಅವರಿಗೆ ಒಗ್ಗಲಿಲ್ಲ. ಒಂದೊಂದು ಸಂಗತಿಯನ್ನು ಒಂದೊಂದು ಚೀಟಿಗೆ ಇಳಿಸಿ, ನೆಲದ ಮೇಲೆ ಹರಡಿ, ಒಂದರ ಪಕ್ಕ ಇನ್ನೊಂದು ತಾನಾಗಿ ಹೋಗಿ ಕೂರುವವರೆಗೆ ನೋಡುತ್ತ ಇರುವುದು ಅವರ ದಾರಿ. 1967ರಲ್ಲಿ ಅದನ್ನು ಪುಸ್ತಕ ಮಾಡಿದರು. ಜಪಾನಿನ ಕಂಪನಿಗಳು ಎತ್ತಿಕೊಂಡವು. ನಿರ್ವಹಣಾ ಶಾಸ್ತ್ರದ ಪುಸ್ತಕಗಳಲ್ಲಿ ಈಗ ಕಾಣುವ ಸಾದೃಶ್ಯ ಚಿತ್ರದ (ಅಫಿನಿಟಿ ಡಯಾಗ್ರಾಂ, ಹತ್ತಿರದ ಸಂಗತಿಗಳನ್ನು ಗುಂಪು ಮಾಡಿ ತೋರಿಸುವ ಚಿತ್ರ) ಬೇರು ಅದೇ. ನೇಪಾಳದ ಹಳ್ಳಿಗರೊಡನೆ ಕುಳಿತು ಅವರ ಅಗತ್ಯ ಕೇಳಿ, ನೀರಿನ ಕೊಳವೆ, ಸಾಮಾನು ಸಾಗಿಸುವ ಹಗ್ಗದ ದಾರಿ ಮುಂತಾದವನ್ನು ಮಾಡಿಸಿಕೊಟ್ಟದ್ದಕ್ಕಾಗಿ ಅವರಿಗೆ 1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ವಿಧಾನಕ್ಕಿಂತ ಈ ಸಂಗತಿ ನನಗೆ ಹೆಚ್ಚು ಪ್ರಿಯ. ಚೀಟಿ ಜೋಡಿಸಿದವರು ಕೊಳವೆಯವರೆಗೂ ಹೋದರು.

ಇನ್ನು ನಿಮ್ಮ ಚೀಲಕ್ಕೆ ಬರೋಣ.

112 ಚೀಟಿಗಳಿಗೂ ಕ್ರಮಸಂಖ್ಯೆ ಹಾಕಿ, ಬರೆದವರ ಮಾತನ್ನು ಬರೆದ ಹಾಗೆಯೇ ಒಂದು ಪಟ್ಟಿ ಮಾಡಿ. ಕಾಗುಣಿತ ತಿದ್ದಬೇಡಿ. ಒಂದೇ ಚೀಟಿಯಲ್ಲಿ ಎರಡು ಸಂಗತಿ ಇದ್ದರೆ ಮಾತ್ರ ಒಡೆದು ಎರಡು ಮಾಡಿ. 'ಮತ್ತು' ಕಂಡಲ್ಲೆಲ್ಲ ಅನುಮಾನ ಪಡಿ. ಆಮೇಲೆ ಒಂಟಿ ಪದದ ಚೀಟಿಗಳನ್ನು ಬೇರೆ ತೆಗೆಯಿರಿ. 'ಗ್ರಂಥಾಲಯ' ಎಂದರೆ ಏನು? ಗ್ರಂಥಾಲಯ ಇಲ್ಲವೇ? ಇದ್ದು ಬೀಗ ಹಾಕಿದೆಯೇ? ಬೀಗ ತೆಗೆದರೂ ಮಕ್ಕಳು ಓದುವಂಥ ಪುಸ್ತಕಗಳಿಲ್ಲವೇ? ಇವು ಮೂರೂ ಬೇರೆ ಬೇರೆ ಕಷ್ಟಗಳು, ಮೂರಕ್ಕೂ ಬೇರೆ ಬೇರೆ ಖರ್ಚು. ಒಂದಕ್ಕಂತೂ ಖರ್ಚೇ ಇಲ್ಲ, ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿದರೆ ಸಾಕು. ಬರೆದವರಿಗೆ ಫೋನ್ ಮಾಡಿ, ಹೇಳಿದ್ದನ್ನು ಕ್ರಿಯಾಪದ ಸಹಿತ ಚೀಟಿಯ ಕೆಳಗೆ ಬರೆದುಕೊಳ್ಳಿ. ಮೂರು ವಾರ ಕಳೆದಿರುವುದರಿಂದ ಈ ಕೆಲಸ ತುರ್ತಿನದು. ಆಗ ಎಲ್ಲರಿಗೂ ಅರ್ಥವಾಗಿದ್ದ ಒಂಟಿ ಪದ ಇನ್ನೂ ಮೂರು ವಾರ ಕಳೆದರೆ ಬರೆದವರಿಗೇ ಒಗಟಾಗುತ್ತದೆ.

ನಂತರ ಜನ. ವಿಂಗಡಿಸಲು ಒಬ್ಬರೇ ಕೂರಬೇಡಿ, 34 ಜನರನ್ನೂ ಕರೆಯಬೇಡಿ. ಐದರಿಂದ ಏಳು ಮಂದಿ ಸಾಕು. ಅವರಲ್ಲಿ ಅಡುಗೆಯವರೊಬ್ಬರು, ಮಗಳನ್ನು ಈಗ ಅದೇ ಶಾಲೆಗೆ ಕಳಿಸುತ್ತಿರುವ ತಾಯಿಯೊಬ್ಬರು ಇರಲೇಬೇಕು. ಹಳೆಯ ವಿದ್ಯಾರ್ಥಿಗಳೇ ತುಂಬಿದರೆ ನಿಮಗೆ ಇಂದಿನ ಶಾಲೆ ಸಿಗುವುದಿಲ್ಲ, ನಲವತ್ತು ವರ್ಷ ಹಿಂದಿನ ಶಾಲೆ ಸಿಗುತ್ತದೆ. ತರಗತಿಯ ಕೋಣೆಯೊಂದರಲ್ಲಿ ಜಮಖಾನ ಹಾಸಿ. ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿ ಒಂದೊಂದರಲ್ಲಿ ಒಂದೊಂದು ಚೀಟಿಯ ಮಾತನ್ನು ದಪ್ಪ ಪೆನ್ನಿನಿಂದ ನಕಲು ಮಾಡಿ. ನಿಂತಲ್ಲಿಂದ ಓದಲು ಬರಬೇಕು. ಎಲ್ಲವನ್ನೂ ಕಲಸಿ ಹರಡಿ.

ಮೊದಲ ಇಪ್ಪತ್ತು ನಿಮಿಷ ಯಾರೂ ಮಾತನಾಡುವಂತಿಲ್ಲ. ಇದನ್ನು ಕೇಳಿ ಎಲ್ಲರೂ ನಗುತ್ತಾರೆ, ಆಮೇಲೆ ಇದೇ ಹಿತವಾಗಿತ್ತು ಎನ್ನುತ್ತಾರೆ. ಮಾತಿಗೆ ಅವಕಾಶ ಕೊಟ್ಟರೆ ನಿವೃತ್ತ ಮುಖ್ಯೋಪಾಧ್ಯಾಯರು ಹೇಳಿದಂತೆ ಚೀಟಿಗಳು ಸಾಲುಗಟ್ಟುತ್ತವೆ, ಅಡುಗೆಯವರು ಗೋಡೆಗೆ ಒರಗಿ ನಿಲ್ಲುತ್ತಾರೆ. ಮೌನದಲ್ಲಿ ಎಲ್ಲರ ಕೈಗೂ ಸಮಾನ ಅಧಿಕಾರ. ಯಾರು ಯಾವ ಚೀಟಿಯನ್ನಾದರೂ ಎತ್ತಿ ಇನ್ನೊಂದರ ಪಕ್ಕ ಇಡಬಹುದು. ಒಪ್ಪದವರು ಅದನ್ನು ಎತ್ತಿ ಬೇರೆಡೆ ಇಡಬಹುದು. ಒಂದೇ ಚೀಟಿ ಎರಡು ರಾಶಿಗಳ ನಡುವೆ ಮೂರು ಸಲ ಓಡಾಡಿತು ಎಂದರೆ ಜಗಳ ಬೇಡ, ಇನ್ನೊಂದು ಪ್ರತಿ ಬರೆದು ಎರಡೂ ಕಡೆ ಇಡಿ. ಪುಸ್ತಕವನ್ನು ಒಂದೇ ಕಪಾಟಿನಲ್ಲಿ ಇಡಲು ಸಾಧ್ಯ, ಆದರೆ ಅದರ ವಿಷಯಕ್ಕೆ ಹಲವು ಮುಖ ಎಂಬ ಚಿಂತೆ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರನ್ನೂ ಕಾಡಿತ್ತು. ಪುಸ್ತಕಗಳನ್ನು ವಿಂಗಡಿಸಲು 1933ರಲ್ಲಿ ಅವರು ಪ್ರಕಟಿಸಿದ ಕೋಲನ್ ವರ್ಗೀಕರಣ ಎಂಬ ಪದ್ಧತಿಯ ಹಿಂದೆ ಇರುವುದು ಅದೇ. ಮುಂದೆ 1962ರಲ್ಲಿ ಬೆಂಗಳೂರಿನಲ್ಲೇ ದಾಖಲೀಕರಣದ ಸಂಶೋಧನಾ ಮತ್ತು ತರಬೇತಿ ಕೇಂದ್ರವೊಂದನ್ನೂ ಕಟ್ಟಿದರು. ನಿಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ, ಕಾಗದ ಅಗ್ಗ.

ಒಂದು ಎಚ್ಚರ. ಶುರುವಿನಲ್ಲೇ ದೊಡ್ಡ ರಾಶಿಗಳಾಗಲು ಬಿಡಬೇಡಿ. ಎರಡು, ಮೂರು, ಹೆಚ್ಚೆಂದರೆ ನಾಲ್ಕು ಚೀಟಿಗಳ ಪುಟ್ಟ ಗುಂಪುಗಳು ಮೊದಲು. ಅಂಥ ಮೂವತ್ತೋ ಮೂವತ್ತೈದೋ ಆದ ಮೇಲೆ ಗುಂಪುಗಳನ್ನೇ ಚೀಟಿಗಳೆಂದು ಭಾವಿಸಿ ಮತ್ತೆ ಹತ್ತಿರ ತನ್ನಿ. ಹತ್ತರ ಆಸುಪಾಸಿಗೆ ಇಳಿದಾಗ ನಿಲ್ಲಿಸಿ. ಕೆಳಗಿನಿಂದ ಮೇಲಕ್ಕೆ ಹೋಗಬೇಕು ಎಂಬುದು ಕವಾಕಿತಾ ಅವರ ಹಟವಾಗಿತ್ತು. ಆರು ದೊಡ್ಡ ಹಂಡೆಗಳನ್ನು ಮೊದಲೇ ಇಟ್ಟುಕೊಂಡರೆ ನೀವು ಮನೆಯಲ್ಲಿ ಮಾಡಿದ್ದನ್ನೇ ಏಳು ಜನ ಸೇರಿ ಮಾಡಿದಂತಾಗುತ್ತದೆ.

ಈಗ ನಿಜವಾದ ಕೆಲಸ: ಹೆಸರಿಡುವುದು. ಇಲ್ಲಿ ಆತುರ ಬೇಡ, ಇಡೀ ದಿನದಲ್ಲಿ ಅತಿ ಹೆಚ್ಚು ಹೊತ್ತು ಇದಕ್ಕೇ ಹೋಗಲಿ. ರಾಶಿಯ ಹೆಸರು ಒಂದು ಪದವಾಗಿರಬಾರದು, ಕ್ರಿಯಾಪದವಿರುವ ಪೂರ್ಣ ವಾಕ್ಯವಾಗಿರಬೇಕು. ನೀವು ಕಳಿಸಿದ ಮಾದರಿಯಲ್ಲೇ ನೋಡಿ. ಕಾಂಪೌಂಡ್ ಗೋಡೆ ನಿಮ್ಮ ಲೆಕ್ಕದಲ್ಲಿ 'ಕಟ್ಟಡ'ಕ್ಕೆ ಹೋಗಿರುತ್ತದೆ. ಶೌಚಾಲಯದ ನೀರು ಕಟ್ಟಡವೋ ಇತರೆಯೋ ಎಂದು ನೀವು ಗೊಂದಲಪಟ್ಟಿರುತ್ತೀರಿ. ಬಸ್ಸಿನ ಚೀಟಿ ಖಂಡಿತ 'ಇತರೆ'. ಆದರೆ ಆ ತಾಯಿ ಮೌನವಾಗಿ ಈ ಮೂರನ್ನೂ ಎತ್ತಿ ಒಂದೆಡೆ ಇಟ್ಟರು ಎಂದುಕೊಳ್ಳಿ. ಏಕೆ ಎಂದು ಕೇಳಿದರೆ ಅವರು ಹೇಳುವ ವಾಕ್ಯವೇ ತಲೆಬರಹ: 'ಆರು, ಏಳನೇ ತರಗತಿಗೆ ಬಂದ ಮೇಲೆ ಹೆಣ್ಣುಮಕ್ಕಳನ್ನು ಈ ಶಾಲೆಗೆ ಕಳಿಸಲು ಮನೆಯವರು ಹಿಂಜರಿಯುತ್ತಾರೆ.' ನೀರಿಲ್ಲದ ಶೌಚಾಲಯ, ಬಿದ್ದ ಗೋಡೆ, ತಪ್ಪಿದ ಬಸ್ಸು, ಮೂರೂ ಒಂದೇ ಭಯದ ಮೂರು ಬಾಗಿಲುಗಳು. ನಿಮ್ಮ ಊರಿನಲ್ಲಿ ಇದು ಹೀಗೇ ಇದೆ ಎಂದು ದೂರದಲ್ಲಿ ಕುಳಿತ ನಾನು ಹೇಳಲಾರೆ. ಬೇರೆ ಮೂರು ಚೀಟಿಗಳು ಒಟ್ಟಾಗಬಹುದು. ಆದರೆ 'ಕಟ್ಟಡ' ಎಂಬ ಡಬ್ಬಿಯಿಂದ ಇಂಥ ವಾಕ್ಯ ಎಂದೂ ಹೊರಬರುವುದಿಲ್ಲ. 'ಕಟ್ಟಡ'ವನ್ನು ನೋಡಿದವರು ಎಂಜಿನಿಯರನ್ನು ಕರೆಯುತ್ತಾರೆ. ಆ ವಾಕ್ಯವನ್ನು ಓದಿದವರು ಸಾರಿಗೆ ಡಿಪೊಗೆ ಒಂದು ಮನವಿ ಬರೆಯುತ್ತಾರೆ. ಬಸ್ಸಿನ ಹೊತ್ತು ಅರ್ಧ ಗಂಟೆ ಸರಿದರೆ ಒಂದು ರೂಪಾಯಿ ಖರ್ಚಿಲ್ಲದೆ ಮೂರರಲ್ಲೊಂದು ಬಾಗಿಲು ತೆರೆಯುತ್ತದೆ.

ಕನ್ನಡದಲ್ಲಿ 'ಒಕ್ಕಣೆ' ಎಂಬ ಪದಕ್ಕೆ ಎರಡು ಅರ್ಥಗಳಿವೆ. ಕಣದಲ್ಲಿ ತೆನೆ ಬಡಿದು ಕಾಳು ಬಿಡಿಸುವುದೂ ಒಕ್ಕಣೆ, ಪತ್ರದಲ್ಲಿ ಮಾತನ್ನು ಜೋಡಿಸುವ ರೀತಿಯೂ ಒಕ್ಕಣೆ. ಜಮಖಾನದ ಮೇಲೆ ಎರಡೂ ಒಟ್ಟಿಗೆ ನಡೆಯುತ್ತವೆ ಎಂದು ನನಗೆ ಅನಿಸುತ್ತದೆ. ವಾಕ್ಯ ಕೂಡಿಬರಲಿಲ್ಲ ಎಂದರೆ ಕಾಳು ಇನ್ನೂ ತೆನೆಯಲ್ಲೇ ಇದೆ. ಆ ರಾಶಿಯನ್ನು ಒಡೆದು ಮತ್ತೆ ಹರಡಿ.

ಎಲ್ಲ ಮುಗಿದ ಮೇಲೂ ಕೆಲವು ಚೀಟಿಗಳು ಯಾರ ಜೊತೆಗೂ ಸೇರದೆ ಉಳಿಯುತ್ತವೆ. ಉಳಿಯಲಿ. ಕೆಜೆ ವಿಧಾನದಲ್ಲಿ ಅವಕ್ಕೆ ಒಂಟಿ ತೋಳ ಎಂಬ ಹೆಸರೇ ಇದೆ. ನಿಮ್ಮ ಹುಣಸೆ ಮರ ಅಂಥದ್ದು ಎಂದು ನನ್ನ ಅನುಮಾನ. ಅದನ್ನು 'ಪರಿಸರ' ಎಂಬ ಹೆಸರಿನಡಿ ಸಸಿ ನೆಡುವ ಚೀಟಿಗಳ ಜೊತೆ ಕೂರಿಸಬೇಡಿ. ಸಸಿ ನೆಡಿ ಎನ್ನುವವರು ಹೊಸದನ್ನು ಬೇಡುತ್ತಿದ್ದಾರೆ. ಮರ ಕಡಿಯಬೇಡಿ ಎಂದವರಿಗೆ, ಎಲ್ಲೋ ಯಾರೋ ಕಡಿಯುವ ಮಾತಾಡಿದ್ದು ಕಿವಿಗೆ ಬಿದ್ದಿದೆ. ಹೊಸ ಕೊಠಡಿಯ ನಕ್ಷೆ ಆ ಮರದ ಮೇಲೆ ಹಾದುಹೋಗುತ್ತದೆಯೇ ಎಂದು ಈಗಲೇ ವಿಚಾರಿಸಿಕೊಳ್ಳಿ.

'ಕಂಪ್ಯೂಟರ್' ಎಂಬ 17 ಚೀಟಿಗಳ ಬಗ್ಗೆ ಒಂದು ಮಾತು. ಹದಿನೇಳು ಎಂಬುದು ಬೇಡಿಕೆಯ ಅಳತೆಯಲ್ಲ. ಅವತ್ತು ಯಾರೋ ಒಬ್ಬರು ಮೊದಲು ಗಟ್ಟಿಯಾಗಿ ಹೇಳಿದ್ದಾರೆ, ಪೆನ್ನು ಹಿಡಿದು ಕುಳಿತಿದ್ದವರ ಕಿವಿಯಲ್ಲಿ ಅದೇ ಉಳಿದಿದೆ. ಗುಂಪಾಗಿ ಕುಳಿತಾಗ ಹೀಗಾಗುವುದು ಸಹಜ. 1958ರಲ್ಲೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ನಾಲ್ವರ ಗುಂಪುಗಳನ್ನೂ, ಬೇರೆ ಬೇರೆ ಕುಳಿತ ನಾಲ್ವರನ್ನೂ ಹೋಲಿಸಿ ನೋಡಿದರು. ಬೇರೆಯಾಗಿ ಕುಳಿತವರ ಪಟ್ಟಿಗಳನ್ನು ಕೂಡಿಸಿದಾಗಲೇ ಹೆಚ್ಚು ಯೋಚನೆಗಳು ಸಿಕ್ಕವು. ಮುಂದಿನ ಸಲ ಮೊದಲ ಹತ್ತು ನಿಮಿಷ ಎಲ್ಲರೂ ಸುಮ್ಮನೆ ಬರೆಯಲಿ, ಮಾತು ಆಮೇಲೆ. ಸದ್ಯಕ್ಕೆ ಹದಿನೇಳನ್ನೂ ಒಂದೇ ಪಿನ್ನಿಗೆ ಚುಚ್ಚಿ ಒಂದು ಚೀಟಿಯಾಗಿ ಎಣಿಸಿ.

ಇನ್ನು ಆಯ್ಕೆ. ಟೀಕೆ ಬೇಡ, ತೋಚಿದ್ದೆಲ್ಲ ಬರಲಿ ಎಂಬ ನಿಯಮವನ್ನು ಲೋಕಪ್ರಿಯ ಮಾಡಿದ್ದು ಅಮೆರಿಕದ ಜಾಹೀರಾತು ಸಂಸ್ಥೆ ಬಿಬಿಡಿಒದ ಅಲೆಕ್ಸ್ ಆಸ್ಬರ್ನ್; ಸಂಸ್ಥೆಯ ಹೆಸರಿನ ಕೊನೆಯ ಒ ಅವರದೇ. ತೀರ್ಪನ್ನು ಮುಂದೂಡಿ ಎಂದರೇ ಹೊರತು ತೀರ್ಪೇ ಬೇಡ ಎಂದು ಅವರು ಎಲ್ಲೂ ಹೇಳಲಿಲ್ಲ. ನಮ್ಮ ಸಭೆಗಳು ಮೊದಲರ್ಧವನ್ನು ಮಾತ್ರ ನೆನಪಿಟ್ಟುಕೊಂಡಿವೆ. ಆಯ್ಕೆ ತಾನಾಗಿ ಆಗುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲ. 2006ರಲ್ಲಿ ರೀಟ್ಸೆಲ್, ನೈಸ್ಟಡ್, ಸ್ಟ್ರೋಬೆ ಎಂಬ ಯುರೋಪಿನ ಸಂಶೋಧಕರು ಇದನ್ನೇ ಪರೀಕ್ಷಿಸಿದರು: ಒಳ್ಳೆಯ ಯೋಚನೆಗಳು ಹೆಚ್ಚು ಹುಟ್ಟಿದ ಗುಂಪುಗಳೂ ಕೊನೆಗೆ ಆರಿಸಿಕೊಂಡದ್ದು ಕಣ್ಣುಮುಚ್ಚಿ ಎತ್ತಿದ್ದಕ್ಕಿಂತ ಮೇಲೇನೂ ಇರಲಿಲ್ಲ.

ಹಾಗಾಗಿ ಆಯ್ಕೆಗೆ ಒಂದು ದಿನ 34 ಜನರನ್ನೂ ಮತ್ತೆ ಕರೆಯಿರಿ. ವಾಕ್ಯಗಳನ್ನು ದೊಡ್ಡದಾಗಿ ಬರೆದು ಒಂದೊಂದರ ಮುಂದೆ ಒಂದು ಮುಚ್ಚಿದ ಡಬ್ಬಿ ಇಡಿ, ಪ್ರತಿಯೊಬ್ಬರ ಕೈಗೆ ಮೂರು ಹುಣಸೆ ಬೀಜ ಕೊಡಿ. ನಗಬೇಡಿ. 1980ರ ದಶಕದ ಕೊನೆಯಲ್ಲಿ ಮೈರಾಡದಂಥ ಸ್ವಯಂಸೇವಾ ಸಂಸ್ಥೆಗಳು ಕರ್ನಾಟಕದ ಹಳ್ಳಿಗಳಲ್ಲಿ ಸಹಭಾಗಿ ಸಮೀಕ್ಷೆಯನ್ನು ರೂಢಿಗೆ ತಂದಾಗ, ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿ, ಬೀಜಗಳನ್ನಿಟ್ಟು ಯಾವುದು ಹೆಚ್ಚು ಯಾವುದು ಕಡಿಮೆ ಎಂದು ಜನರೇ ತೋರಿಸಿದ್ದರು. ನಗರದ ಕಚೇರಿಗಳಲ್ಲಿ ಬಣ್ಣದ ಚುಕ್ಕೆ ಅಂಟಿಸುವುದು ಇದರದೇ ಇನ್ನೊಂದು ರೂಪ. ಓದುಬರಹ ಬಾರದವರಿಗೆ ವಾಕ್ಯಗಳನ್ನು ಎರಡು ಸಲ ಗಟ್ಟಿಯಾಗಿ ಓದಿ ಹೇಳಿ. ದುಬೈನಲ್ಲಿರುವವರೋ ಬೆಂಗಳೂರಿನಲ್ಲಿರುವವರೋ ತಮ್ಮ ಮೂರು ಬೀಜ ಯಾವುದಕ್ಕೆ ಎಂದು ಸಂದೇಶ ಕಳಿಸಲಿ, ಗುಂಪಿಗಲ್ಲ, ನಿಮಗೊಬ್ಬರಿಗೆ. ಹೆಚ್ಚು ದೇಣಿಗೆ ಕೊಡುವವರಿಗೂ ಮೂರೇ ಬೀಜ. ಈ ಒಂದು ಮಾತನ್ನು ಮೊದಲೇ, ಎಲ್ಲರೆದುರು, ನಗುಮುಖದಿಂದ ಹೇಳಿಬಿಡಿ. ಬೀಜ ಹಾಕಿದ ಮೇಲೆ ಹೇಳಿದರೆ ಅದೇ ಒಂದು ವ್ಯಾಜ್ಯವಾಗುತ್ತದೆ.

ಎರಡು ಸುತ್ತು ಮಾಡಿ. ಮೊದಲನೆಯದರಲ್ಲಿ 'ಮಕ್ಕಳಿಗೆ ಯಾವುದು ಹೆಚ್ಚು ಬೇಕು', ಎರಡನೆಯದರಲ್ಲಿ 'ಒಂದು ವರ್ಷದೊಳಗೆ ನಮ್ಮ ಕೈಲಿ ಯಾವುದು ಆಗುತ್ತದೆ'. ಎರಡನ್ನೂ ಒಂದೇ ಸುತ್ತಿನಲ್ಲಿ ಕೇಳಿದರೆ ಜನ ಸುಲಭವಾದದ್ದನ್ನೇ ಮುಖ್ಯವಾದದ್ದು ಎಂದು ಹೇಳಿಬಿಡುತ್ತಾರೆ, ಮುಖ್ಯಮಂತ್ರಿಗಳ ಕಾರ್ಯಕ್ರಮವೂ ಸುಣ್ಣಬಣ್ಣವೂ ಗೆದ್ದುಬಿಡುತ್ತವೆ. ಎರಡು ಸುತ್ತಿನಲ್ಲೂ ಬೀಜ ಬಿದ್ದ ವಾಕ್ಯಗಳೇ ಮೊದಲ ಕೆಲಸ. ಮೊದಲ ಸುತ್ತಿನಲ್ಲಿ ಡಬ್ಬಿ ತುಂಬಿ ಎರಡನೆಯದರಲ್ಲಿ ಖಾಲಿಯಾದವನ್ನು ಜೋಪಾನವಾಗಿಡಿ. ಪಂಚಾಯಿತಿಗೋ ಶಿಕ್ಷಣ ಇಲಾಖೆಗೋ ಅರ್ಜಿ ಬರೆಯಬೇಕಾದದ್ದು ಅವುಗಳ ಬಗ್ಗೆಯೇ.

ಇಷ್ಟೆಲ್ಲ ಏಕೆ, ಪಟ್ಟಿಯನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಕೊಟ್ಟರೆ ಅರ್ಧ ನಿಮಿಷದಲ್ಲಿ ಗುಂಪು ಮಾಡಿಕೊಡುತ್ತದಲ್ಲ ಎಂದು ನಿಮ್ಮ ಗುಂಪಿನ ತರುಣರು ಕೇಳುತ್ತಾರೆ. ಕೊಡುತ್ತದೆ. ಮೂಲಸೌಕರ್ಯ, ಶೈಕ್ಷಣಿಕ ಗುಣಮಟ್ಟ, ಸಮುದಾಯದ ಸಹಭಾಗಿತ್ವ ಎಂದು ಘನವಾದ ತಲೆಬರಹಗಳನ್ನೂ ಇಡುತ್ತದೆ. ಆ ಬಸ್ ಯಾವ ಊರಿನ ಹುಡುಗಿಯರದು ಎಂದು ಅದಕ್ಕೆ ಗೊತ್ತಿಲ್ಲ. ಬೇಕಿದ್ದರೆ ಜಮಖಾನದ ಕೆಲಸ ಮುಗಿದ ಮೇಲೆ ಕೊಟ್ಟು, ನಮ್ಮ ಕಣ್ಣು ತಪ್ಪಿಸಿದ ಜೋಡಿ ಯಾವುದಾದರೂ ಇದೆಯೇ ಎಂದು ಕೇಳಿ. ಅಷ್ಟಕ್ಕೆ ಅದು ಒಳ್ಳೆಯ ಸಹಾಯಕ.

ವಾಟ್ಸ್‌ಆ್ಯಪ್ ಗುಂಪಿಗೆ ಇವತ್ತೇ ಎರಡು ಸಾಲು ಹಾಕಿ: ಚೀಟಿಗಳು ಭದ್ರವಾಗಿವೆ, ಇಂಥ ದಿನ ವಿಂಗಡಿಸುತ್ತೇವೆ. ವಿಂಗಡಿಸಿದ ದಿನ ಜಮಖಾನದ ಫೋಟೊ ಹಾಕಿ. ಆಯ್ಕೆಯಾದ ಮೇಲೆ 112 ಸಂಖ್ಯೆಗಳ ಮೂಲ ಪಟ್ಟಿಯನ್ನು, ಪ್ರತಿಯೊಂದರ ಎದುರು 'ಈಗ', 'ಮುಂದಿನ ವರ್ಷ', 'ಇಲಾಖೆಗೆ ಬರೆದಿದ್ದೇವೆ' ಅಥವಾ 'ಆಗುವುದಿಲ್ಲ, ಕಾರಣ ಇದು' ಎಂದು ಬರೆದು ಶಾಲೆಯ ಸೂಚನಾ ಫಲಕಕ್ಕೆ ಅಂಟಿಸಿ. ಆಗುವುದಿಲ್ಲ ಎಂದರೆ ಜನ ಸಹಿಸಿಕೊಳ್ಳುತ್ತಾರೆ, ಚೀಟಿಯೇ ಕಾಣೆಯಾದರೆ ಮುಂದಿನ ಸಭೆಗೆ ಬರುವುದಿಲ್ಲ. ಆ ಅಜ್ಜಿ ಹಾಳೆಯ ಮುಂದೆ ನಿಂತಿದ್ದನ್ನು ನಾನು ಇನ್ನೂ ಮರೆತಿಲ್ಲ.

ಓದಲು ಬಾರದ ಆ ನಾಲ್ಕು ಚೀಟಿಗಳನ್ನು ಒಂದನೇ ತರಗತಿಯ ಶಿಕ್ಷಕಿಗೆ ತೋರಿಸಿ. ಅವರು ಓದಲಾರದ ಕೈಬರಹ ಊರಿನಲ್ಲಿ ಇರುವುದಿಲ್ಲ.